ಅಯಸ್ಕಾಂತದ ಕೋಣೆಯ ಬಾಗಿಲಲ್ಲಿ ಕೂರುತ್ತಿದ್ದವರು

ಒಂದು ಟೆಂಪೋ. ಈ ಮನುಷ್ಯರ ಪರಿಚಯಕ್ಕೆ ನಾನು ಕೊಟ್ಟ ಬೆಲೆ ಅದು. ನಾಲ್ಕು ವರ್ಷ ಓಡಿಸಿದ ಗಾಡಿ, ಟೈರು ಹೊಸವು, ಎಂಜಿನ್ನಿಗೆ ಆಗಷ್ಟೇ ಕೆಲಸ ಮಾಡಿಸಿದ್ದೆ. ಬಾಣಾವರದವರೊಬ್ಬರು ಬಂದು ಸುತ್ತ ನೋಡಿ ಒಂದು ರೇಟು ಹೇಳಿದರು. ನಾನು "ಆಯ್ತು" ಅಂದೆ. ಅವರಿಗೇ ಗಾಬರಿಯಾಯಿತು. ಏನೋ ಹುಳುಕಿರಬೇಕು ಅಂತ ಇನ್ನೊಂದು ಸಲ ಬಾನೆಟ್ ಎತ್ತಿಸಿ ನೋಡಿದರು. ಹುಳುಕು ಗಾಡಿಯಲ್ಲಿರಲಿಲ್ಲ. ನನಗೆ ಚೌಕಾಸಿ ಮಾಡುವಷ್ಟು ಪುರುಸೊತ್ತಿರಲಿಲ್ಲ.

ಅರಸೀಕೆರೆಯಲ್ಲಿ ನನ್ನದು ಗುಜರಿ ಅಂಗಡಿ. ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ಹಳೇ ಡಬ್ಬ, ಮುರಿದ ಗುದ್ದಲಿ ಕೊಳ್ಳುತ್ತಾ ಊರೂರು ಅಲೆದು, ಆಮೇಲೆ ಶೆಡ್ಡು, ಆಮೇಲೆ ಟೆಂಪೋ ಅಂತ ಬೆಳೆದವನು. ಹೇಳಿದ ಮೊದಲ ಬೆಲೆಗೆ ಒಪ್ಪಿದ್ದು ಜೀವನದಲ್ಲಿ ಅದೊಂದೇ ಸಲ. ಮಗಳಿಗೆ ಆಗ ಆರು ವರ್ಷ. ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಅವಳಿಗೆ ಹುಟ್ಟಿನಿಂದಲೇ ತೂತಿತ್ತು. ನಾಲ್ಕು ಹೆಜ್ಜೆ ಓಡಿದರೆ ನಿಂತುಬಿಡುತ್ತಿದ್ದಳು. "ಮೈ ಸಣ್ಣ, ಊಟ ಸೇರಲ್ಲ" ಅಂದುಕೊಂಡು ನಾವು ವರ್ಷಗಳನ್ನು ಕಳೆದುಬಿಟ್ಟೆವು. ಕೊನೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೊಡೆಯ ರಕ್ತನಾಳದಿಂದ ಹೃದಯದವರೆಗೆ ನಳಿಕೆ ಬಿಟ್ಟು, ಎಕ್ಸ್‌ರೇಯಲ್ಲಿ ನೋಡುತ್ತಾ ಒತ್ತಡ ಅಳೆದರು. "ಶ್ವಾಸಕೋಶದ ನಾಳಗಳು ಗಟ್ಟಿಯಾಗಿರೋ ಹಾಗಿದೆ. ಹಾಗಾಗಿದ್ರೆ ತೂತು ಮುಚ್ಚೋದೇ ಅಪಾಯ. ಬಹುಶಃ ತಡವಾಗಿದೆ" ಅಂದರು. ಬಹುಶಃ ಅನ್ನುವ ಮಾತನ್ನು ಹಿಡಿದುಕೊಂಡು ನಾನು ಟೆಂಪೋ ಮಾರಿದೆ. ಬಹುಶಃ ಅಂದರೆ ಇನ್ನೊಂದು ಸಲ ತೂಗಬಹುದು ಅಂತ ಅರ್ಥ. ನಮ್ಮ ಕಸುಬಿನಲ್ಲಂತೂ ಹಾಗೆ.

ಇನ್ನೊಂದು ಸಲ ತೂಗಿಸಲು ಹೋದ ಬೇರೊಂದು ಆಸ್ಪತ್ರೆಯಲ್ಲಿ ಸಿಕ್ಕವರು ಇವರು. ಅವರ ಹೆಸರು ಬರೆಯುವುದಿಲ್ಲ. "ನನ್ನ ವಿಷ್ಯ ಎಲ್ಲಾದ್ರೂ ಹೇಳಿದ್ರೆ ಹೆಸರು ಮಾತ್ರ ಬ್ಯಾಡ, ಊರೋರೆಲ್ಲ ರೆಕಮೆಂಡೇಶನ್ನಿಗೆ ಬತ್ತಾರೆ" ಅಂತ ಅವರೇ ಕಟ್ಟುಹಾಕಿದ್ದಾರೆ. ಕಳೆದ ತಿಂಗಳು ಮಗಳನ್ನು ವರ್ಷದ ತಪಾಸಣೆಗೆ ಕರೆದುಕೊಂಡು ಹೋದಾಗ ಅಯಸ್ಕಾಂತದ ಕೋಣೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬೇರೆ ಯಾರೋ ಇದ್ದರು. ನಿವೃತ್ತಿಯಾಯಿತಂತೆ. ಆವತ್ತಿನಿಂದ ಬರೆಯಬೇಕು ಅನ್ನಿಸುತ್ತಿತ್ತು.

ಅವರು ಡಾಕ್ಟರಲ್ಲ, ಎಂಆರ್‌ಐ ಯಂತ್ರ ನಡೆಸುವ ಟೆಕ್ನೀಷಿಯನ್. ಕುಳ್ಳು, ಬೋಳುತಲೆ, ದಪ್ಪ ಹೊಟ್ಟೆ, ಅದರ ಕೆಳಗೆ ಲಾಡಿ ಕಟ್ಟಿದ ಸಡಿಲ ಪೈಜಾಮ. ಬೆಲ್ಟಿಲ್ಲ, ವಾಚಿಲ್ಲ, ಉಂಗುರವಿಲ್ಲ. ಕನ್ನಡಕದ ಫ್ರೇಮು ಕೂಡ ಪ್ಲಾಸ್ಟಿಕ್ಕು. ಹೊತ್ತೆಷ್ಟು ಅಂತ ಕಂಡವರನ್ನೆಲ್ಲ ಕೇಳುತ್ತಿದ್ದರು. ಕ್ಯಾಂಟೀನಿಗೆ ಹೋದರೂ ಬಾಗಿಲಲ್ಲಿ ನಿಂತು ಎರಡೂ ಜೇಬು ತಡವಿಕೊಂಡೇ ಒಳಗೆ ಕಾಲಿಡುತ್ತಿದ್ದರು. ಚಮಚ ಕಂಡರೆ ಒಂದು ಕ್ಷಣ ತಡೆದು, ಆಮೇಲೆ ಇದು ಕ್ಯಾಂಟೀನು ಅಂತ ನೆನಪಾಗಿ ಎತ್ತಿಕೊಳ್ಳುತ್ತಿದ್ದರು.

ಆ ಆಸ್ಪತ್ರೆಯ ಹೃದಯದ ಡಾಕ್ಟರಮ್ಮ ಹೊಸ ಕ್ರಮವೊಂದನ್ನು ಶುರುಮಾಡಿದ್ದರು. ನಳಿಕೆ ಬಿಡುವುದು ಅದೇ, ಆದರೆ ದಾರಿ ತೋರಿಸುವುದು ಎಕ್ಸ್‌ರೇ ಅಲ್ಲ, ಅಯಸ್ಕಾಂತದ ಈ ಎಂಆರ್‌ಐ ಯಂತ್ರ. ಮಕ್ಕಳಿಗೆ ಮತ್ತೆ ಮತ್ತೆ ಎಕ್ಸ್‌ರೇ ಬೀಳುವುದು ತಪ್ಪುತ್ತದೆ. ಅದಕ್ಕಿಂತ ಮುಖ್ಯ, ನಳಿಕೆ ಒತ್ತಡ ಹೇಳುತ್ತಿರುವಾಗಲೇ ಯಂತ್ರ ರಕ್ತದ ಹರಿವನ್ನು ಅಳೆಯುತ್ತದೆ. ಎರಡೂ ಒಟ್ಟಿಗೆ ಸಿಕ್ಕಿದರೆ ನಾಳ ಗಟ್ಟಿಯಾಗಿದೆಯೋ, ಬರೀ ರಕ್ತ ಜಾಸ್ತಿ ನುಗ್ಗುತ್ತಿದೆಯೋ ಅನ್ನುವುದು ತಿಳಿಯುತ್ತದೆ. ಸರಿ. ಆದರೆ ಖರ್ಚಿನಲ್ಲಿ ಅರ್ಧ ಆಸ್ಪತ್ರೆಯೇ ಹಾಕಿಕೊಳ್ಳುತ್ತದೆ ಅಂದಾಗ ನನ್ನ ಕಿವಿ ನೆಟ್ಟಗಾಯಿತು. ಸಹಿ ಹಾಕುವ ಮುಂಚೆ ಯಂತ್ರದವರನ್ನು ನೋಡಬೇಕು ಅಂದೆ. ಇವರ ಹತ್ತಿರ ಕಳಿಸಿದರು.

"ಯಾವೂರು?" ಅಂತ ಕೇಳಿದರು.

"ಅರಸೀಕೆರೆ ಸಾರ್."

"ನಮ್ದು ಗೆಂಡೆಹಳ್ಳಿ ಹತ್ರ, ಬೇಲೂರು ತಾಲ್ಲೂಕು. ಸಾರ್ ಗೀರ್ ಬಿಡಿ. ಏನ್ ಕೇಳ್ಬೇಕು, ಕೇಳಿ."

"ರೇಟು ಯಾಕೆ ಕಮ್ಮಿ? ಯಾರಾದ್ರೂ ತಾಮ್ರದ ತಂತಿ ಅರ್ಧ ಬೆಲೆಗೆ ತಂದ್ರೆ ನಾನು ಮೊದ್ಲು ಕೆರೆದು ನೋಡ್ತೀನಿ."

ಅವರು ಹೊಟ್ಟೆ ಕುಣಿಸಿ ನಕ್ಕರು. "ಕೆರೀರಿ, ಕೆರೀರಿ."

"ನನ್ ಮಗೀನ ಮೇಲೆ ಕಲೀತಾ ಇದ್ದೀರಾ?"

"ಹೌದು" ಅಂದರು. ಸುತ್ತಿಬಳಸಲಿಲ್ಲ. "ಕಲೀತಾ ಇದ್ದೀವಿ. ಅದಕ್ಕೇ ಕಮ್ಮಿ. ಹಳೇ ವಿದ್ಯೆ ಪಕ್ಕದ ರೂಮಲ್ಲಿ ರೆಡಿ ಇಟ್ಕೊಂಡು ಹೊಸದನ್ನ ಕಲೀತಾ ಇದ್ದೀವಿ."

"ಎಷ್ಟು ಜನಕ್ಕೆ ಮಾಡಿದ್ದೀರಿ?"

"ಹತ್ತಕ್ಕೆ ಮೇಲೆ, ಇಪ್ಪತ್ತಕ್ಕೆ ಕೆಳಗೆ."

"ಎಷ್ಟು ಕೆಟ್ಟಿದೆ?"

"ಮಗು ಯಾವ್ದೂ ಕೆಟ್ಟಿಲ್ಲ. ಇಬ್ಬರಿಗೆ ನಳಿಕೆ ಬೇಕಾದ ಕಡೆ ತಿರುಗ್ಲಿಲ್ಲ. ಆ ದೊಡ್ಡ ಬಾಗಿಲು ಕಾಣ್ತದಲ್ಲ, ಹಾಸಿಗೆ ಸಮೇತ ಆಚೆ ತಳ್ಕೊಂಡು ಹೋಗಿ ಎಕ್ಸ್‌ರೇಲೇ ಮುಗ್ಸಿದ್ವಿ."

ಹೊಸ ಮಾಲು ಮಾರುವವನು ಕೆಟ್ಟದ್ದನ್ನು ಕೇಳುವ ಮೊದಲೇ ಬೆವರುತ್ತಾನೆ. ಇವರು ಬೆವರಲಿಲ್ಲ. ಆಮೇಲೆ ನನ್ನನ್ನು ಬಾಗಿಲ ಹತ್ತಿರ ಕರೆದುಕೊಂಡು ಹೋಗಿ, ಒಂದು ದಾರಕ್ಕೆ ಪೇಪರ್ ಕ್ಲಿಪ್ ಕಟ್ಟಿ, ದಾರದ ತುದಿಯನ್ನು ತಮ್ಮ ಬೆರಳಿಗೆ ಸುತ್ತಿಕೊಂಡು ಒಳಗೆ ನಾಲ್ಕು ಹೆಜ್ಜೆ ಇಟ್ಟರು. ಕ್ಲಿಪ್ಪು ಎದ್ದು, ದಾರ ಬಿಗಿದುಕೊಂಡು, ಯಂತ್ರದ ಕಡೆ ಮುಖ ಮಾಡಿ ಗಾಳಿಯಲ್ಲಿ ನಿಂತಿತು. ನಾನು ಜೇಬಿನಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತ ಇಟ್ಟುಕೊಂಡು ಕಬ್ಬಿಣ ಯಾವುದು ಹಿತ್ತಾಳೆ ಯಾವುದು ನೋಡಿ ಅನ್ನ ತಿಂದವನು. ಆದರೂ ಒಂದು ಹೆಜ್ಜೆ ಹಿಂದೆ ಸರಿದೆ.

"ಕರೆಂಟ್ ತೆಗೆದ್ರೆ ನಿಲ್ತದಾ?"

"ಇದು ಮಲಗಲ್ಲ ಯಜಮಾನ್ರೇ. ಭಾನುವಾರಾನೂ ಎಳೀತಿರ್ತದೆ. ನಳಿಕೇನೂ ಅದಕ್ಕೇ ಬರೀ ಪ್ಲಾಸ್ಟಿಕ್ಕು. ತುದೀಲಿ ಬಟಾಣಿ ಗಾತ್ರದ ಬಲೂನು, ಅದರೊಳಗೆ ಗಾಳಿ. ಚಿತ್ರದಲ್ಲಿ ಕಪ್ಪಗೆ ಕಾಣೋದು ಅದೇ. ಅದನ್ನ ನೋಡ್ಕೊಂಡು ಡಾಕ್ಟರು ದಾರಿ ಹಿಡೀತಾರೆ."

ಹೊರಡುವ ಮುಂಚೆ ನನ್ನ ಬುದ್ಧಿ ಬಿಡಬೇಕಲ್ಲ, ಕೇಳಿಯೇಬಿಟ್ಟೆ. "ಒಳಗೆ ತಾಮ್ರ ಎಷ್ಟಿದೆ?"

"ಗುಜರಿಗೆ ಹಾಕೋ ದಿನ ನಿಮಗೇ ಹೇಳಿ ಕಳಿಸ್ತೀನಿ, ಆಯ್ತಾ? ಮೊದ್ಲು ಸೈನ್ ಮಾಡಿ" ಅಂದರು.

ಈಗ ಆ ದಿನದ ವಿಷಯ. ಹಿಂದಿನ ಸಂಜೆ ಅವರು ಹೇಳಿಕಳಿಸಿದ್ದರು, ಮಗುವಿನ ಮೈಮೇಲೆ ಲೋಹ ಅನ್ನುವುದು ಒಂದು ಚೂರೂ ಇರಬಾರದು ಅಂತ. ನನಗೆ ಹೇಳಿಕೊಡಬೇಕೇ? ಬೆಳಗ್ಗೆ ಲಾಡ್ಜಿನಲ್ಲಿ ನನ್ನ ಅಯಸ್ಕಾಂತ ತೆಗೆದುಕೊಂಡು ಮಗಳ ತಲೆಯಿಂದ ಕಾಲಿನವರೆಗೆ ಆಡಿಸಿದೆ. ಕಾಲ್ಗೆಜ್ಜೆ, ಬಳೆ, ಓಲೆ, ಉಡಿದಾರ, ಲಂಗದ ಪಿನ್ನು ಎಲ್ಲ ಬಿಚ್ಚಿಸಿ ನನ್ನ ಹೆಂಡತಿಯ ಕರ್ಚೀಫಿನಲ್ಲಿ ಕಟ್ಟಿಟ್ಟೆ. ಆಸ್ಪತ್ರೆಗೆ ಹೋಗಿ ನಾನೂ ನನ್ನ ಹೆಂಡತಿಯೂ ಕಾಗದಗಳಿಗೆ ಸಹಿ ಹಾಕುತ್ತಾ ಕೂತೆವು. ಮಗಳು ನಮ್ಮವ್ವನ ಹತ್ತಿರ ಇದ್ದಳು. ನಮ್ಮವ್ವ ಹಳೇಬೀಡಿನ ಕಡೆಯವಳು, ಹಟಮಾರಿ. ಮೊಮ್ಮಗಳ ತಲೆ ಬಾಚಿ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಕೂರಿಸಿದ್ದಳು.

ಬಾಗಿಲಲ್ಲಿ ಅವರು ಕೇಳಿದರು. "ಎಲ್ಲ ತೆಗ್ದಿದ್ದೀರಾ?"

"ನಾನೇ ಚೆಕ್ ಮಾಡಿದ್ದೀನಿ. ಇಪ್ಪತ್ತು ವರ್ಷ ಕಬ್ಬಿಣ ಹುಡುಕಿ ಬದುಕಿರೋನು ನಾನು" ಅಂದೆ.

"ಸರಿ ಯಜಮಾನ್ರೇ" ಅಂದವರೇ ನನ್ನನ್ನು ದಾಟಿ ನಮ್ಮವ್ವನ ಕಡೆ ತಿರುಗಿದರು. "ಅಜ್ಜೀ, ಜಡೆ ಬಿಚ್ಚಬೇಕಲ್ಲ."

"ಯಾಕಪ್ಪಾ? ಈಗ್ತಾನೆ ಹಾಕಿವ್ನಿ."

"ಇಲ್ಲಿ ಜಡೆ ಹಾಕಿರೋ ಮಗೀನ ಒಳೀಕ್ ಬಿಡಲ್ಲ. ಎಲ್ರಿಗೂ ಒಂದೇ."

ಅವ್ವ ಎಡಗಡೆಯ ಜಡೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಬಿಡಲಿಲ್ಲ. ನನಗೆ ಸಿಟ್ಟು ಬಂತು. "ಬಿಚ್ಚವ್ವಾ, ಹೊತ್ತಾಯ್ತದೆ" ಅಂತ ಗದರಿದೆ. ಅರಿವಳಿಕೆ ಕೊಡುವ ಡಾಕ್ಟರು ಒಳಗಿನಿಂದ ಇಣುಕಿ ಕೈ ತಿರುಗಿಸಿ ಏನು ಅಂತ ಕೇಳಿದರು. ಯಾರೋ ನರ್ಸು "ಕತ್ತರಿ ತರ್ಲಾ?" ಅಂದರು. ಇವರು ಬೇಡ ಅಂತ ತಲೆಯಾಡಿಸಿ, ನೆಲದ ಮೇಲೆ ಅವ್ವನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಆ ಹೊಟ್ಟೆ ಇಟ್ಟುಕೊಂಡು ಹಾಗೆ ಕೂರುವುದು ಸುಲಭವಲ್ಲ.

"ನಂಗೆ ಹುಷಾರಿಲ್ದಾಗ ನಮ್ಮವ್ವ ತಲೆದಿಂಬಿನ ಕೆಳಗೆ ಕುಡುಗೋಲು ಇಡೋಳು. ಗಾಳಿ ಗೀಳಿ ಸೋಕ್ದಂಗೆ" ಅಂದರು. "ನೀವೇನ್ ಇಟ್ಟಿದ್ದೀರಜ್ಜಿ?"

ಅವ್ವ ಜಡೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಲಾಳದ ಮೊಳೆನಾ?"

ಅವ್ವನ ಕಣ್ಣಲ್ಲಿ ನೀರು ಬಂತು. "ಅಯಸ್ಕಾಂತದ ಗುಹೆ ಅಂತೆ ಕಣಪ್ಪಾ. ಒಂಟಿ ಮಗು ಒಳೀಕ್ ಓಗ್ಬೇಕು. ಮೈಮ್ಯಾಲಿದ್ದ ಕಬ್ಬಿಣಾನೆಲ್ಲ ಇವನು ಕಿತ್ಕೊಂಡ. ಬರೀ ಮೈಯಾಗೆ ಎಂಗ್ ಕಳಿಸ್ಲಿ?"

ಕುದುರೆ ಲಾಳದ ಮೊಳೆ, ನನ್ನದೇ ಅಂಗಡಿಯ ರಾಶಿಯಿಂದ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ನಾನು ಚೆಕ್ ಮಾಡಿ ಮುಗಿಸಿದ ಮೇಲೆ ಜಡೆಯೊಳಗೆ ಹೆಣೆದಿದ್ದಾಳೆ. ತೆಗೆ ಅಂತ ನಾನು ಅಷ್ಟು ಸಲ ಹೇಳಿದ್ದೇ ಅವಳಿಗೆ ಹೆದರಿಕೆ ಹುಟ್ಟಿಸಿತ್ತು. ಕಬ್ಬಿಣವಿಲ್ಲದ ಮಗು ಅವಳ ಲೆಕ್ಕದಲ್ಲಿ ಕಾವಲಿಲ್ಲದ ಮಗು.

ಬೇರೆ ಯಾರಾದರೂ ಆಗಿದ್ದರೆ ಮೂಢನಂಬಿಕೆ ಅಂತ ಒಂದು ಭಾಷಣ ಬಿಗಿಯುತ್ತಿದ್ದರು. ನಾನಂತೂ ಬಾಯಿ ತೆರೆದಿದ್ದೆ. ಅವರು ನನಗೆ ಸುಮ್ಮನಿರಿ ಅಂತ ಕೈ ಮಾಡಿ ಅವ್ವನಿಗೆ ಹೇಳಿದರು. "ಅಜ್ಜೀ, ಮೊಳೆ ಬ್ಯಾಡ ಅಂತ ನಾನು ಹೇಳಲ್ಲ. ಆದ್ರೆ ಒಳಗೆ ಅದು ಮಗೀನ ಕಾಯಲ್ಲ, ಕಿತ್ಕೊಂಡು ಹಾರ್ತದೆ. ಕಣ್ಣು ಪಕ್ಕದಲ್ಲೇ ಐತೆ. ಅದಕ್ಕೆ ಒಂದು ಕೆಲ್ಸ ಮಾಡಿ. ಮಗು ಒಳಗಿರೋ ಅಷ್ಟು ಹೊತ್ತೂ ನೀವೇ ಅದನ್ನ ಕೈಯಾಗೆ ಹಿಡ್ಕೊಂಡು ಆಚೆ ಬೆಂಚಿನ ಮ್ಯಾಲೆ ಕೂತ್ಕೊಳಿ. ಮುಷ್ಟಿ ಬಿಡಬೇಡಿ. ನಾನು ಬಂದು ಸಾಕು ಅಂದಾಗ ಬಿಡಿ. ಆಗ್ತದಾ?"

"ಎಷ್ಟೊತ್ತಾದ್ರೂ ಕೂರ್ತೀನಿ" ಅಂದಳು ಅವ್ವ. ಅವಳೇ ಜಡೆ ಬಿಚ್ಚಿದಳು.

ಮೊಳೆ ಹೊರಗೆ ಬಂದ ಮೇಲೂ ಅವರು ಮಗಳ ಕೂದಲಿನಲ್ಲಿ ಬೆರಳಾಡಿಸಿ ನೋಡಿ, ಇನ್ನೊಂದು ಜಡೆಯನ್ನೂ ಬಿಚ್ಚಿಸಿ ನೋಡಿ, ಅವಳನ್ನೇ ಕೇಳಿದರು. "ಏನಮ್ಮಾ, ಬಾಯಲ್ಲಿ ಗೀಯಲ್ಲಿ ಏನಾದ್ರೂ ಇಟ್ಕೊಂಡಿದ್ದೀಯಾ?"

"ಹಲ್ಲು ಐತೆ" ಅಂದಳು ಮಗಳು.

"ಅದು ಬರ್ಲಿ ಬಿಡು" ಅಂದು ಎತ್ತಿಕೊಂಡು ಹೋದರು.

ಮೂರು ಗಂಟೆಯ ಮೇಲಾಯಿತು. ಯಂತ್ರದ ಸದ್ದು ಗೋಡೆ ದಾಟಿ ಬರುತ್ತಿತ್ತು, ಯಾರೋ ಒಳಗೆ ತಗಡು ಬಡಿಯುತ್ತಿರುವ ಹಾಗೆ. ನಾನು ಎದ್ದು ನಿಂತೆ, ಕೂತೆ, ಆ ದೊಡ್ಡ ಬಾಗಿಲನ್ನೇ ನೋಡಿದೆ. ಹಾಸಿಗೆ ಎಕ್ಸ್‌ರೇ ಕಡೆಗೆ ಬಂದರೆ ಹೊಸ ವಿದ್ಯೆ ಸೋತಿತು ಅಂತ, ನನಗೆ ಬೇಕಾದ ಅಳತೆ ಸಿಗಲಿಲ್ಲ ಅಂತ ಅರ್ಥ. ಅವ್ವ ಮಾತ್ರ ಅಲುಗಾಡಲಿಲ್ಲ. ಕಾಫಿ ತಂದುಕೊಟ್ಟರೆ ಎಡಗೈಯಲ್ಲಿ ಕುಡಿದಳು. ಎಡಗೈಯಲ್ಲಿ ನೀರು ಮುಟ್ಟಿದರೂ ನನ್ನ ಹೆಂಡತಿಯನ್ನು ಬಯ್ಯುವವಳು!

ಕೊನೆಗೆ ಅವರು ಬಂದರು. ನನ್ನ ಕಸುಬು ಮುಖ ನೋಡುವುದು. ಎದುರಿಗಿದ್ದವನು ಎಷ್ಟಕ್ಕೆ ಇಳಿಯುತ್ತಾನೆ ಅಂತ ಹುಬ್ಬಿನಲ್ಲೇ ಓದಿಬಿಡುತ್ತೇನೆ. ಅವರ ಮುಖ ನೋಡಿದೆ. ಏನೂ ಇರಲಿಲ್ಲ.

"ಊಟ ಮಾಡಿದ್ರಾ?" ಅಂದರು.

"ಏನಾಯ್ತು ಹೇಳಿ."

"ಮಗು ಚೆನ್ನಾಗಿದೆ, ಏಳ್ತಾ ಇದೆ. ಅಳತೆ ಡಾಕ್ಟರಮ್ಮ ಹೇಳ್ತಾರೆ. ಊಟ ಮಾಡಿದ್ರಾ?" ಅಷ್ಟೇ. ಅವ್ವನ ಮುಂದೆ ಬಗ್ಗಿ "ಸಾಕು ಅಜ್ಜಿ, ಬಿಡಿ" ಅಂದರು. ಅವ್ವನ ಬೆರಳುಗಳು ತಕ್ಷಣ ಬಿಚ್ಚಿಕೊಳ್ಳಲಿಲ್ಲ. ಅವರೇ ಒಂದೊಂದಾಗಿ ಬಿಡಿಸಿದರು. ಅಂಗೈಯಲ್ಲಿ ಮೊಳೆಯ ಅಚ್ಚು ಕೆಂಪಗೆ ಮೂಡಿತ್ತು.

ಆಮೇಲೆ ಅವರನ್ನು ಕೇಳಿದ್ದೇನೆ, ಆವತ್ತು ಯಾಕೆ ಒಂದು ಸುಳಿವೂ ಕೊಡಲಿಲ್ಲ ಅಂತ. "ಒಬ್ಬರಿಗೆ ನಕ್ಕುಬಿಟ್ರೆ, ನಾನು ನಗದೇ ಇರೋ ದಿನ ಇನ್ನೊಬ್ರು ಅಲ್ಲೇ ಕುಸೀತಾರೆ. ಅದಕ್ಕೆ ಎಲ್ರಿಗೂ ಊಟ" ಅಂದರು. ಅವರು ನನ್ನ ಎದುರು ವ್ಯಾಪಾರಕ್ಕೆ ಕೂತಿದ್ದರೆ ನಾನು ಮುಳುಗಿಹೋಗುತ್ತಿದ್ದೆ.

ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಕರೆದರು. ಒಂದು ಹಾಳೆಯ ಮೇಲೆ ಎರಡು ಸಂಖ್ಯೆ ಬರೆದು ತೋರಿಸಿದರು. ಒತ್ತಡ ಜಾಸ್ತಿಯೇ ಇತ್ತು. ಆದರೆ ಹರಿವು ಮೊದಲು ಅಂದುಕೊಂಡಿದ್ದಕ್ಕಿಂತ ತುಂಬ ಜಾಸ್ತಿ ಇತ್ತು. ಅಂದರೆ ನಾಳ ಗಟ್ಟಿಯಾಗಿ ಒತ್ತಡ ಏರಿದ್ದಲ್ಲ, ತೂತಿನಿಂದ ನುಗ್ಗುವ ರಕ್ತಕ್ಕೆ ಏರಿದ್ದು. ಆಮ್ಲಜನಕ ಕೊಟ್ಟಾಗ ಇಳಿದೂ ಇತ್ತು. "ತಡವಾಗಿಲ್ಲ. ಆದ್ರೆ ಇನ್ನು ತಡ ಮಾಡ್ಬೇಡಿ. ಮುಚ್ಚಿಸೋಣ" ಅಂದರು.

ನಾನು "ಆಯ್ತು" ಅಂದು ಹೊರಗೆ ಬಂದೆ. ಮೆಟ್ಟಿಲ ಮೇಲೆ ಕೂತೆ. ಹಸಿವು ಅನ್ನುವುದು ನನಗೆ ಎರಡು ತಿಂಗಳಿಂದ ಮರೆತೇಹೋಗಿತ್ತು. ಕ್ಯಾಂಟೀನಿನಲ್ಲಿ ಎರಡು ಊಟ ಹಾಕಿಸಿಕೊಂಡು ಉಂಡೆ. ಎದುರು ಟೇಬಲ್ಲಿನಲ್ಲಿ ಅವರು ಕೂತಿದ್ದರು. ನನ್ನ ತಟ್ಟೆ ನೋಡಿ, ಆವತ್ತು ಮೊದಲ ಸಲ, ಸ್ವಲ್ಪ ನಕ್ಕರು.

ಮುಂದಿನ ತಿಂಗಳು ಆಪರೇಷನ್ ಆಯಿತು. ಈಗ ಮಗಳು ಏಳನೇ ಕ್ಲಾಸು. ಸ್ಕೂಲಿನ ಖೋಖೋ ತಂಡದಲ್ಲಿದ್ದಾಳೆ. ಕಳೆದ ವಾರ ಅವಳನ್ನು ಕರೆದುಕೊಂಡು ಬೇಲೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಬಾಗಿಲು ತೆಗೆದವರನ್ನು ನೋಡಿ ನನಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ. ಕೈಯಲ್ಲಿ ದಪ್ಪ ಸ್ಟೀಲ್ ಚೈನಿನ ವಾಚು, ಬೆರಳಿಗೆ ಎರಡು ಉಂಗುರ, ಸೊಂಟಕ್ಕೆ ದೊಡ್ಡ ಬಕಲಿನ ಬೆಲ್ಟು, ಬೆಲ್ಟಿಗೆ ಬೀಗದ ಕೈ ಗೊಂಚಲು.

"ನೋಡ್ರೀ ಇವರ ವೇಷಾನ" ಅಂದರು ಅವರ ಹೆಂಡತಿ ಒಳಗಿನಿಂದ. "ಮದ್ವೇಲಿ ಕೊಟ್ಟ ಉಂಗ್ರ ಈಗ ಹಾಕ್ಕೊಂಡವ್ರೆ. ರಿಟೈರ್ ಆಗಿ ಮದುಮಗ ಆದ್ರು."

"ಸುಮ್ನಿರೇ, ಮೂವತ್ತು ವರ್ಷದ ಬಾಕಿ ಕಣೇ ಇದು" ಅಂದರು ಅವರು, ವಾಚು ನೋಡಿಕೊಂಡು. ಹೊತ್ತು ಎಷ್ಟು ಅಂತ ನಾನು ಕೇಳದೆಯೇ ಹೇಳಿದರು. ಆದರೆ ಅಡುಗೆಮನೆಗೆ ಹೋಗುವಾಗ ಹೊಸಿಲಲ್ಲಿ ನಿಂತು ಎರಡೂ ಜೇಬು ತಡವಿಕೊಂಡದ್ದನ್ನು ನಾನು ನೋಡಿದೆ.

ಮಗಳನ್ನು ಪರೀಕ್ಷೆ ಮಾಡುವ ಹಾಗೆ ಮೇಲಿಂದ ಕೆಳಗೆ ನೋಡಿ ಕೇಳಿದರು. "ನಡೆದು ಬಂದ್ರಾ, ಆಟೋದಲ್ಲಾ?"

"ನಾನು ಓಡಿ ಬಂದೆ. ಅಪ್ಪಂಗೇ ಏದುಸಿರು ಬಂತು" ಅಂದಳು.

"ಹಂಗಾದ್ರೆ ಅಪ್ಪನ್ನ ಕರ್ಕೊಂಡು ಹೋಗಿ ತೋರ್ಸಮ್ಮ" ಅಂದರು.

ಹೊರಡುವಾಗ ನಾನು ಅವರ ಕೈ ಹಿಡಿದುಕೊಂಡು ಏನೋ ಹೇಳಲು ಹೋದೆ. "ಬಸ್ಸು ತಪ್ತದೆ, ಹೊರಡಿ" ಅಂದರು. ನನಗೆ ಉಪದೇಶ ಮಾಡುವ ಚಟ ಇದೆ, ಅವರಿಗೆ ಇರಲಿಲ್ಲ. ನನಗೆ ಒಂದೇ ಒಂದು ಸಲ ಹೇಳಿದ್ದರು. ಜನಕ್ಕೆ ಬಿಡಿ ಬಿಡಿ ಅಂದರೆ ಹಿಡಿತ ಬಿಗಿಯಾಗುತ್ತದೆ, ಬಿಟ್ಟದ್ದನ್ನು ಎಲ್ಲಿ ಇಡಬೇಕು ಅಂತ ಹೇಳಿದರೆ ಬಿಡುತ್ತಾರೆ ಅಂತ.

ಈಗ ನನ್ನ ಚಟ ತೀರಿಸಿಕೊಳ್ಳುತ್ತೇನೆ, ಕೇಳಿ. ನಿಮ್ಮ ಮನೆಯ ಮಗು ಆಟದ ಮಧ್ಯೆ ನಿಂತು ಉಸಿರು ಹುಡುಕಿದರೆ "ಮೈ ಸಣ್ಣ" ಅಂತ ಸುಮ್ಮನಿರಬೇಡಿ, ಈ ವಾರವೇ ತೋರಿಸಿ. ಯಾರಾದರೂ ತಡವಾಗಿದೆ ಅಂದರೆ ಅಳುತ್ತಾ ಹೊರಗೆ ಬರಬೇಡಿ. ಅಲ್ಲೇ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು ಕೇಳಿ. ಹೇಗೆ ಅಳೆದಿರಿ, ಒತ್ತಡ ಎಷ್ಟು, ಹರಿವು ಎಷ್ಟು, ಆಮ್ಲಜನಕ ಕೊಟ್ಟ ಮೇಲೆ ಎಷ್ಟು? ಅರ್ಥವಾಗದಿದ್ದರೂ ಬರೆಸಿಕೊಳ್ಳಿ. ಚಿತ್ರಗಳ ಸಿ.ಡಿ. ಕೇಳಿ ಇಸಿದುಕೊಳ್ಳಿ, ಅದು ನಿಮ್ಮ ಮಗುವಿನದು. ಇನ್ನೊಬ್ಬ ಡಾಕ್ಟರಿಗೆ ತೋರಿಸಿದರೆ ಮೊದಲಿನವರಿಗೆ ಬೇಜಾರಾದೀತು ಅನ್ನುವ ಸಂಕೋಚ ಬೇಡ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡವರ ಹತ್ತಿರ ಮತ್ತೆ ಹೋಗುವ ಅಗತ್ಯವಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ಅವರಿಗೂ ಒಂದು ಕೆಲಸ ಕೊಡಿ. ಮತ್ತೆ, ಹೊರಡುವ ಹಿಂದಿನ ದಿನವೇ ಫೋನು ಮಾಡಿ, ಮಗು ಎಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿರಬೇಕು ಅಂತ ಸರಿಯಾಗಿ ಕೇಳಿಕೊಳ್ಳಿ. ನಾವು ಕೇಳಲಿಲ್ಲ. ಮೊದಲು ಗೊತ್ತುಮಾಡಿದ್ದ ದಿನ ಬೆಳಗ್ಗೆ ಮಗಳಿಗೆ ತಿನ್ನಿಸಿದ ಒಂದು ಇಡ್ಲಿಯಿಂದಾಗಿ ಅರಿವಳಿಕೆ ಕೊಡದೆ, ನಮಗೆ ಒಂದು ದಿನ ತಡವಾಯಿತು. ನಿಮಗೆ ಅಷ್ಟೂ ಆಗುವುದು ಬೇಡ.